ಬದುವಿನ ಮೇಲೆ ಕಣ್ಣು

ಡಿಸೆಂಬರ್ ಬಂತೆಂದರೆ ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತದ ಕೊಯ್ಲು. ಪೈರಿನ ಮರೆಯಲ್ಲಿದ್ದ ಜೀವಗಳೆಲ್ಲ ಕೂಳೆಯಷ್ಟೇ ಉಳಿದ ಗದ್ದೆಯಲ್ಲಿ ಬಯಲಿಗೆ ಬೀಳುತ್ತವೆ. ಕೊಯ್ಲಿನ ಯಂತ್ರದ ಹಿಂದೆಯೇ ಬೆಳ್ಳಕ್ಕಿಗಳ ದಂಡು. ಎದ್ದ ಮಿಡತೆ, ನೆಗೆದ ಕಪ್ಪೆ ಯಾವುದನ್ನೂ ಬಿಡುವುದಿಲ್ಲ. ಕರೆಂಟು ತಂತಿಯ ಮೇಲೆ ಕೂತ ನೀಲಕಂಠ ಮಂಕಾಗಿಯೇ ಕಾಣುತ್ತದೆ. ಹುಳುವಿಗೆ ಎರಗಲು ರೆಕ್ಕೆ ಬಿಚ್ಚಿತೋ, ತಿಳಿನೀಲಿ ಕಡುನೀಲಿ ಎರಡೂ ಝಗ್ಗೆನ್ನುತ್ತವೆ. ನಮ್ಮ ರಾಜ್ಯಪಕ್ಷಿಯನ್ನು ನೋಡಲು ಕಾಡಿಗೇ ಹೋಗಬೇಕಿಲ್ಲ.

ಹಾವು ಹೀಗೆ ಎದುರು ಬರುವುದಿಲ್ಲ. ಅದನ್ನು ಹುಡುಕಲು ಕಣ್ಣಿಗಿಂತ ಮೊದಲು ಕಿವಿ ಬೇಕು. ಬದುವಿನ ಪೊದೆಯ ಸುತ್ತ ಗೊರವಂಕಗಳು ಅರಚುತ್ತಿದ್ದವು. ಕಾಜಾಣ ಮೇಲಿಂದ ಮೇಲೆ ಎರಗುತ್ತಿತ್ತು. ಹುಲ್ಲಿನ ಕಂತೆ ಕಟ್ಟುತ್ತಿದ್ದ ಹಿರಿಯರು ತಲೆಯೆತ್ತದೆಯೇ, "ಅಲ್ಲೇ ನಿಂತ್ಕಳಿ ಸ್ವಾಮಿ, ಹುಳ ಅದೆ" ಎಂದರು.

ಆಳುದ್ದದ ಕೇರೆಹಾವು. ಕಂದು ಮೈ, ಬಾಲದತ್ತ ಕಪ್ಪು ಅಡ್ಡಪಟ್ಟಿ, ದೊಡ್ಡ ದುಂಡು ಕಣ್ಣು, ತುಟಿಯುದ್ದಕ್ಕೂ ಕಪ್ಪು ಗೀರುಗಳು. ಹಕ್ಕಿಗಳ ಗಲಾಟೆಗೆ ಸೊಪ್ಪು ಹಾಕದೆ ಇಲಿಬಿಲದ ಬಾಯಿಗೆ ಬಂದು, ನಾಲಗೆಯಾಡಿಸಿ, ಇಡೀ ಮೈಯನ್ನು ಒಳಗೆ ಎಳೆದುಕೊಂಡಿತು. ಇಲಿಗಳು ತೆನೆ ಕತ್ತರಿಸಿ ರಾಶಿ ಹಾಕಿಕೊಳ್ಳುವುದು ಆ ಬಿಲಗಳಲ್ಲೇ. ವಿಷವಿಲ್ಲದ ಈ ಹಾವನ್ನು ನಾಗರವೆಂದು ಹೊಡೆದು ಹಾಕುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅದೇ ಇಲಿಯ ಜಾಡು ಹಿಡಿದು ಕೊಳಕುಮಂಡಲವೂ ಬರುತ್ತದೆ. ಬೆನ್ನ ಮೇಲೆ ಮೂರು ಸಾಲು ಕಂದು ಮಚ್ಚೆ. ಒಣಹುಲ್ಲಿನಲ್ಲಿ ಮಲಗಿದರೆ ಗುರುತೇ ಸಿಗದು. ಕೇರೆಯಂತೆ ಓಡದು, ಸುತ್ತಿಕೊಂಡು ಕುಕ್ಕರಿನಂತೆ ಬುಸುಗುಟ್ಟುತ್ತದೆ. ಕಂತೆಯ ಕೆಳಗೆ ಬರಿಗೈ ಹಾಕುವವರಿಗೆ ಆ ಎಚ್ಚರಿಕೆ ಸಿಕ್ಕೇಬಿಡುತ್ತದೆಂದಿಲ್ಲ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು 2024ರಲ್ಲಿ ನಮ್ಮ ರಾಜ್ಯ ಆದೇಶಿಸಿತು. ಬಹಳ ಮೊದಲೇ ಆಗಬೇಕಿದ್ದ ಕೆಲಸ. ಗದ್ದೆಗಿಳಿಯುವವರ ಕಾಲಿಗೆ ಗಮ್‌ಬೂಟು, ರಾತ್ರಿ ನೀರು ಕಟ್ಟುವವರ ಕೈಗೆ ಟಾರ್ಚು ಇರಲೇಬೇಕು. ಕಚ್ಚಿದರೆ ನಾಟಿಮದ್ದು ಹುಡುಕುತ್ತಾ ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ.

ನಾಲೆಯಾಚೆ ಬದುಗಳಿಗೆ ಕಳೆನಾಶಕ ಹೊಡೆದಿದ್ದರು. ಪೊದೆಯಿಲ್ಲ, ಗೀಜಗ ಗೂಡು ನೇಯುತ್ತಿದ್ದ ಜಾಲಿಯೂ ಇಲ್ಲ. ಅರ್ಧ ಮೈಲಿ ನಡೆದರೂ ಒಂದು ಗೊರವಂಕದ ದನಿ ಕೇಳಲಿಲ್ಲ. ಇಲಿಬಿಲಗಳಿಗೆ ಮಾತ್ರ ಕಡಿಮೆಯಿರಲಿಲ್ಲ.