ಯುದ್ಧಕ್ಕೂ ಮುಚ್ಚಿದ ಬಾಯಿಗೂ ಏನು ನಂಟು?

ಯುದ್ಧ ಮನುಷ್ಯನನ್ನು ಎತ್ತರಕ್ಕೇರಿಸುತ್ತದೆ, ಶಾಂತಿವಾದ ಹೇಡಿತನ. 1932ರಲ್ಲಿ ಇಟಲಿಯ ವಿಶ್ವಕೋಶದಲ್ಲಿ ಬಂದ ಲೇಖನದಲ್ಲಿ ಅಲ್ಲಿನ ಫ್ಯಾಸಿಸ್ಟ್ ಸರ್ವಾಧಿಕಾರಿ ಬೆನಿಟೊ ಮುಸೊಲಿನಿ ಮಂಡಿಸಿದ ವಾದದ ತಿರುಳು ಇದು. ಪ್ರಭುತ್ವದ ಹೊರಗೆ ವ್ಯಕ್ತಿಗೆ ಬೆಲೆಯಿಲ್ಲ, ನಿಜವಾದ ಸ್ವಾತಂತ್ರ್ಯ ಇರುವುದೂ ಅದರೊಳಗೇ ಎಂದೂ ಅಲ್ಲಿದೆ. ಈ ಎರಡು ಮಾತಿಗೂ ನಂಟಿದೆ ನೋಡಿ: ಪ್ರಶ್ನಿಸುವ ಪ್ರಜೆಗಳಿದ್ದರೆ ಯುದ್ಧಕ್ಕೆ ಲೆಕ್ಕ ಕೊಡಬೇಕಾಗುತ್ತದೆ, ಹಾಗಾಗಿ ಮೊದಲು ಅವರ ಬಾಯಿ ಮುಚ್ಚಿಸಬೇಕು. ನಡೆದದ್ದೂ ಅದೇ ಕ್ರಮದಲ್ಲಿ. 1924ರಲ್ಲಿ ಚುನಾವಣಾ ಅಕ್ರಮವನ್ನು ಸಂಸತ್ತಿನಲ್ಲಿ ಬಯಲಿಗೆಳೆದ ಸಂಸದ ಜಾಕೊಮೊ ಮತ್ತೆಯೊಟ್ಟಿಯನ್ನು ಫ್ಯಾಸಿಸ್ಟರು ಅಪಹರಿಸಿ ಕೊಂದರು. 1926ರಲ್ಲಿ ವಿರೋಧ ಪಕ್ಷಗಳು ನಿಷೇಧವಾದವು. 1935ರಲ್ಲಿ ಇಥಿಯೋಪಿಯದ ಮೇಲೆ ದಾಳಿ. ಅಲ್ಲಿ ವಿಮಾನಗಳು ಸುರಿದ ಮಸ್ಟರ್ಡ್ ಅನಿಲ ಸೈನಿಕರ ಜತೆ ಹಳ್ಳಿಗರ ಮೈಯನ್ನೂ ಸುಟ್ಟಿತು.

‘ಮುಸೊಲಿನಿ ರೋಮ್ ಬಳಿಯ ಜೌಗು ಬತ್ತಿಸಿ ಊರು ಕಟ್ಟಿದನಲ್ಲ’ ಎನ್ನುವವರಿದ್ದಾರೆ. ಅದು ನಿಜ. ಆದರೆ ಆ ಕೆಲಸಕ್ಕೆ ಬೇಕಿದ್ದದ್ದು ಎಂಜಿನಿಯರುಗಳು, ಕೂಲಿಯಾಳುಗಳು, ಹಣ. ಪತ್ರಿಕೆಗಳ ಬಾಯಿಗೆ ಬೀಗ ಬೇಕಿರಲಿಲ್ಲ. ಆ ಬೀಗದ ಬೆಲೆ ತಿಳಿದದ್ದು 1940ರ ಜೂನ್ 10ರಂದು. ಸಿದ್ಧತೆಯಿಲ್ಲದ ದೇಶವನ್ನು ಒಬ್ಬನ ತೀರ್ಮಾನ ಮಹಾಯುದ್ಧಕ್ಕೆ ದೂಡಿದಾಗ, ಬೇಡ ಎನ್ನಬಲ್ಲ ಸಂಸತ್ತೇ ಉಳಿದಿರಲಿಲ್ಲ. ಮುಸೊಲಿನಿಯ ಸ್ವಂತ ಫ್ಯಾಸಿಸ್ಟ್ ಮಂಡಳಿ ಅವನ ವಿರುದ್ಧ ಮತ ಹಾಕಿದ್ದು 1943ರ ಜುಲೈನಲ್ಲಿ, ಶತ್ರುಸೈನ್ಯ ಸಿಸಿಲಿಯಲ್ಲಿ ಇಳಿದ ಮೇಲೆ. ತಪ್ಪು ಯಾವ ನಾಯಕನೂ ಮಾಡಬಹುದು. ತಡೆಯುವವರನ್ನು ಮೊದಲೇ ಮುಗಿಸಿದವನ ತಪ್ಪಿಗೆ ಇಡೀ ದೇಶ ದಂಡ ತೆರುತ್ತದೆ.