ಶಾಲೆಯ ದಿನಗಳಲ್ಲೇ ಕಸುಬಿನ ಪರಿಚಯ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ಗುರುಪುರದ ಸುತ್ತಮುತ್ತಲಿನ ಮನೆಗಳಲ್ಲಿ ‘ಮುಂದೇನು?’ ಎಂಬ ಪ್ರಶ್ನೆ ಕೇಳಿಬರುತ್ತದೆ. ಅಂಕಗಳು ಚೆನ್ನಾಗಿ ಬಂದಿದ್ದರೆ ಪಿ.ಯು.ಸಿ. ವಿಜ್ಞಾನ, ಸ್ವಲ್ಪ ಕಡಿಮೆಯಾಗಿದ್ದರೆ ವಾಣಿಜ್ಯ, ಇನ್ನೂ ಕಡಿಮೆಯಾಗಿದ್ದರೆ “ಐ.ಟಿ.ಐ.ಗಾದರೂ ಹಾಕೋಣ” ಎಂಬ ಮಾತು. ಈ ‘ಆದರೂ’ ಎಂಬ ಒಂದು ಪದದಲ್ಲಿ ಕೈಕೆಲಸವನ್ನು ಕುರಿತ ನಮ್ಮ ಮನೋಭಾವವೆಲ್ಲ ಅಡಗಿದೆ. ಹೀಗೆ ಸೇರಿದ ಹುಡುಗನು ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ವಿಭಾಗದಲ್ಲಿ ಎರಡು ವರ್ಷ ಕಲಿಯಬೇಕು. ಅಲ್ಲಿಗೆ ಹೋಗುವ ಮುನ್ನ ಅವನು ಒಂದು ದಿನವಾದರೂ ಟೆಸ್ಟರ್ ಹಿಡಿದಿರುವುದಿಲ್ಲ, ಅರ ಹಿಡಿದಿರುವುದಿಲ್ಲ. ಒಂದು ಸೀರೆ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತಿ ಬಟ್ಟೆಯನ್ನು ಮುಟ್ಟಿ ನೋಡುವ ನಾವು, ಮಗನ ಜೀವನೋಪಾಯವನ್ನು ಮುಟ್ಟಿ ನೋಡದೆ ಆರಿಸುತ್ತಿದ್ದೇವೆ.

ಸ್ವಿಟ್ಜರ್ಲೆಂಡಿನ ಜರ್ಮನ್ ಮಾತನಾಡುವ ಪ್ರಾಂತಗಳಲ್ಲಿ ‘ಶ್ನುಪ್ಪರ್‌ಲೇರೆ’ ಎಂಬ ಒಂದು ಪದ್ಧತಿಯಿದೆ. ‘ಮೂಸಿ ನೋಡುವ ಕಲಿಕೆ’ ಎಂದು ಅದನ್ನು ಕನ್ನಡಿಸಬಹುದೇನೋ. ಶಾಲೆಯಲ್ಲಿ ಓದುತ್ತಿರುವಾಗಲೇ ಹುಡುಗ ಹುಡುಗಿಯರು ಕೆಲವು ದಿನ ಬಡಗಿಯ ಬಳಿ, ಕೆಲವು ದಿನ ಬೇಕರಿಯಲ್ಲಿ, ಮತ್ತೆ ಕೆಲವು ದಿನ ಯಂತ್ರಾಗಾರದಲ್ಲಿ ಕುಳಿತು ಆ ಕೆಲಸ ತಮಗೆ ಒಗ್ಗುವುದೇ ಎಂದು ಪರೀಕ್ಷಿಸುತ್ತಾರೆ. ಒಗ್ಗದಿದ್ದರೆ ಯಾರೂ ನೊಂದುಕೊಳ್ಳುವುದಿಲ್ಲ. ಆ ದೇಶದ ಸುಮಾರು ಮೂರನೆಯ ಎರಡು ಭಾಗದಷ್ಟು ಯುವಕ ಯುವತಿಯರು ಕಡ್ಡಾಯ ಶಿಕ್ಷಣದ ನಂತರ ಶಿಶಿಕ್ಷುಗಳಾಗಿ, ಅಂದರೆ ಅಪ್ರೆಂಟಿಸ್‌ಗಳಾಗಿ ಕಲಿಯುತ್ತಾರೆ. ಅದು ಅಲ್ಲಿ ದಡ್ಡರ ದಾರಿ ಎನಿಸಿಕೊಂಡಿಲ್ಲ.

ಇದು ದೂರದೇಶದ ಮಾತಾಯಿತು ಎನ್ನುವವರಿಗೆ ನಮ್ಮ ಹುಣಸೂರಿನ ಹಳೆಯ ಸಂಗತಿಯನ್ನು ನೆನಪಿಸಬೇಕು. ಲಕ್ಷ್ಮಣತೀರ್ಥದ ದಡದ ಈ ಊರಿನಲ್ಲಿ 1864ರವರೆಗೆ ಮದರಾಸು ಸೈನ್ಯದ ಕಮಿಸರಿಯಟ್ ಇಲಾಖೆಯ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ ಮತ್ತು ಮರದ ಕೋಠಿಗಳಿದ್ದವು. ಅವು ಮುಚ್ಚಿದ ಮೇಲೂ ಅಲ್ಲಿ ಪಳಗಿದ ಕುಶಲಕರ್ಮಿಗಳು ಊರಿನಲ್ಲೇ ಉಳಿದು ಬೂಟು, ಕಂಬಳಿ, ಗಾಡಿಗಳನ್ನು ಮಾಡುತ್ತಿದ್ದರೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಸರ್ಕಾರದ ಕಾರ್ಖಾನೆ ಹೋಯಿತು, ಕೈಯಲ್ಲಿದ್ದ ವಿದ್ಯೆ ಹೋಗಲಿಲ್ಲ.

ಇಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತ ಮನೆಗಳ ಲೆಕ್ಕಾಚಾರವೆಲ್ಲ ಹೊಗೆಸೊಪ್ಪಿನ ಸುತ್ತ ತಿರುಗುತ್ತಿದೆ. ತಂಬಾಕು ಮಂಡಳಿಯ ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಕ್ಕರೆ ಮದುವೆ, ಸಿಗದಿದ್ದರೆ ಸಾಲ. ತಂಬಾಕು ಬಳಕೆಯನ್ನು ತಗ್ಗಿಸುವ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 2004ರಲ್ಲೇ ಅಂಗೀಕರಿಸಿದೆ. ಈ ಬೆಳೆಯೇ ನಮ್ಮ ಮೊಮ್ಮಕ್ಕಳನ್ನೂ ಸಾಕುತ್ತದೆಂದು ನಂಬಿ ಕೂರುವುದು ಜಾಣತನವಲ್ಲ. ಇನ್ನೊಂದು ಕಡೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಎಲೆ ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವ ದಿನಗಳಲ್ಲಿ, ಶಾಲೆಯ ಮಕ್ಕಳು ಮನೆಯಲ್ಲೇ ಉಳಿಯುವುದನ್ನು ಕಂಡವರು ಕಂಡಿದ್ದಾರೆ. ಒದ್ದೆಯಾದ ಹಸಿರೆಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆ. ಇದನ್ನು ‘ಮಗು ಕೆಲಸ ಕಲಿಯುತ್ತಿದೆ’ ಎನ್ನುವವರೂ ಇದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಖಂಡಿತ ಇದನ್ನಲ್ಲ. ಕಲಿಯಲೆಂದು ಮಾಡಿಸುವ ಕೆಲಸ ಬೇರೆ, ಆಳು ಸಿಗಲಿಲ್ಲವೆಂದು ಮಾಡಿಸುವ ಕೆಲಸ ಬೇರೆ.

ಹಾಗಾದರೆ ಕಲಿಕೆ ಎಂದರೇನು? ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯನ್ನೇ ತೆಗೆದುಕೊಳ್ಳೋಣ. ವೋಲ್ಟೇಜ್ ಏರುಪೇರಾಗಿ ಸುಟ್ಟ ಮೋಟಾರು ಬಂದಿದೆ. ಮೇಸ್ತ್ರಿಯು ಕಪ್ಪಾದ ತಾಮ್ರದ ಸುರುಳಿಗಳನ್ನು ಕಿತ್ತು ಬಿಸಾಡುವುದಿಲ್ಲ. ಪ್ರತಿ ಸುರುಳಿಯಲ್ಲಿ ಎಷ್ಟು ಸುತ್ತುಗಳಿವೆ ಎಂದು ಎಣಿಸುತ್ತಾನೆ, ತಂತಿಯ ದಪ್ಪವನ್ನು ಗೇಜಿನಲ್ಲಿ ಅಳೆಯುತ್ತಾನೆ, ಯಾವ ಸಂದಿನಿಂದ ಯಾವ ಸಂದಿಗೆ ಸುರುಳಿ ದಾಟಿದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತಾನೆ. ಆಮೇಲೆ ಸಂದುಗಳಿಗೆ ಹೊಸ ಇನ್ಸುಲೇಷನ್ ಕಾಗದ ಹಾಕಿ, ಅಷ್ಟೇ ಸುತ್ತಿನ ಹೊಸ ಸುರುಳಿ ಕೂರಿಸಿ, ದಾರದಿಂದ ಬಿಗಿದು, ವಾರ್ನಿಷ್ ಹೊಯ್ದು ಒಣಗಿಸುತ್ತಾನೆ. ಸುತ್ತುಗಳು ಕಡಿಮೆಯಾದರೆ ಮೋಟಾರು ಹೆಚ್ಚು ವಿದ್ಯುತ್ ಎಳೆದುಕೊಂಡು ಕಾದು ಮತ್ತೆ ಸುಡುತ್ತದೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ವಿದ್ಯುತ್ತಿನ ಕಾಂತೀಯ ಪರಿಣಾಮಗಳೆಂಬ ಪಾಠವನ್ನು ಬಾಯಿಪಾಠ ಮಾಡಿದ ಹುಡುಗನು ಇದನ್ನು ಪಕ್ಕದಲ್ಲಿ ಕುಳಿತು ಎಣಿಸಿ ಬರೆದುಕೊಂಡರೆ, ಆ ಪಾಠ ಅವನಿಗೆ ಮರೆಯುವುದುಂಟೇ?

ಗಾರೆ ಮೇಸ್ತ್ರಿಯ ಬಳಿಯೂ ಹೀಗೆಯೇ. ತಳಪಾಯದ ಮೂಲೆಗೆ ದಾರ ಹಿಡಿಯುವಾಗ ಅವನು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತಿಸಿ, ನಡುವಿನ ಅಡ್ಡ ಅಳತೆ 5 ಅಡಿ ಬರುವವರೆಗೆ ದಾರವನ್ನು ಸರಿಸುತ್ತಾನೆ. ಪೈಥಾಗೊರಸನ ಹೆಸರು ಅವನಿಗೆ ತಿಳಿದಿರಲಾರದು, ಪ್ರಮೇಯ ಮಾತ್ರ ತಿಳಿದಿದೆ. ನಮ್ಮ ಮಗನಿಗೆ ಹೆಸರು ತಿಳಿದಿದೆ. ಇಬ್ಬರೂ ಹತ್ತು ದಿನ ಜೊತೆಯಲ್ಲಿದ್ದರೆ ಇಬ್ಬರಿಗೂ ಲಾಭ.

ಈ ವಿಚಾರ ನಮ್ಮ ದೇಶಕ್ಕೂ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬನ್ನೇ ನಡುವಿಟ್ಟುಕೊಂಡ ಮೂಲಶಿಕ್ಷಣವನ್ನು ಮುಂದಿಟ್ಟರು. ಬರಬರುತ್ತ ಅದು ಅನೇಕ ಕಡೆ ತಕಲಿ ತಿರುಗಿಸುವ ಒಂದು ಪೀರಿಯಡ್ಡಾಗಿ ಸೊರಗಿತು. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪಾಬಳ್ ಗ್ರಾಮದಲ್ಲಿ 1983ರಲ್ಲಿ ವಿಜ್ಞಾನಿ ಡಾ. ಶ್ರೀನಾಥ ಕಲಬಾಗರು ಸ್ಥಾಪಿಸಿದ ವಿಜ್ಞಾನ ಆಶ್ರಮವು ಅದಕ್ಕೆ ಮತ್ತೆ ಜೀವ ತುಂಬಿತು. ಅಲ್ಲಿ ರೂಪುಗೊಂಡ ಕ್ರಮದಂತೆ 8ರಿಂದ 10ನೆಯ ತರಗತಿಯ ಮಕ್ಕಳು ವಾರಕ್ಕೊಂದು ದಿನ ವರ್ಕ್‌ಶಾಪು, ವಿದ್ಯುತ್ತು, ಕೃಷಿ ಮತ್ತು ಪಶುಪಾಲನೆ, ಗೃಹ ಮತ್ತು ಆರೋಗ್ಯ ಈ ನಾಲ್ಕನ್ನೂ ಸರದಿಯಂತೆ ಕಲಿಯುತ್ತಾರೆ. ಒಂದೇ ಕಸುಬಿಗೆ ಕಟ್ಟಿಹಾಕದೆ ನಾಲ್ಕರ ರುಚಿಯನ್ನೂ ತೋರಿಸುವುದು ಇದರ ಹೆಚ್ಚುಗಾರಿಕೆ.

ಕಟ್ಟಿಹಾಕಿದರೆ ಏನಾಗುತ್ತದೆಂಬುದಕ್ಕೂ ನೆರೆಯಲ್ಲೇ ನಿದರ್ಶನವಿದೆ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ಹೊತ್ತನ್ನು ಕಡಿಮೆ ಮಾಡಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂದೆಯ ಕಸುಬನ್ನು ಕಲಿಯಲೆಂದು ಯೋಜನೆ ತಂದರು. ನಮ್ಮ ಕೊಳ್ಳೇಗಾಲವೂ ಆಗ ಆ ರಾಜ್ಯದಲ್ಲೇ ಇತ್ತು. ಕ್ಷೌರಿಕನ ಮಗ ಕ್ಷೌರಿಕನಾಗಿಯೇ ಉಳಿಯಲೆಂಬ ಹುನ್ನಾರವಿದು ಎಂದು ಜನ ಅದನ್ನು ‘ಕುಲಕಲ್ವಿ’ ಎಂದು ಕರೆದು ಪ್ರತಿಭಟಿಸಿದರು. 1954ರಲ್ಲಿ ಕಾಮರಾಜರು ಬಂದ ಮೇಲೆ ಯೋಜನೆ ರದ್ದಾಯಿತು. ಆ ಪ್ರತಿಭಟನೆ ನ್ಯಾಯವಾದುದೆಂದೇ ನಮ್ಮ ಭಾವನೆ. ಆದ್ದರಿಂದ ಬಡಗಿಯ ಮಗನು ಕಂಪ್ಯೂಟರ್ ರಿಪೇರಿಯನ್ನೂ, ಗೌಡರ ಮತ್ತು ಜಂಗಮರ ಮಕ್ಕಳು ಉಜ್ಜುಗೊರಡನ್ನೂ ಹಿಡಿದು ನೋಡಬೇಕು.

ಈ ಮಾತಿಗೆ ನಮ್ಮ ಸಮಾಜ ಬಾಂಧವರೇ ಹಿಂಜರಿದರೆ ಅದಕ್ಕಿಂತ ವಿಪರ್ಯಾಸ ಬೇರೊಂದಿಲ್ಲ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಸೂಜಿಕಾಯಕದ ರಾಮಿತಂದೆ: ಶರಣರ ಹೆಸರುಗಳನ್ನು ನಾವು ಕಸುಬಿನೊಡನೆಯೇ ಉಚ್ಚರಿಸುತ್ತೇವೆ. ಬಸವ ಜಯಂತಿಯ ವೇದಿಕೆಯಲ್ಲಿ ಕಾಯಕವನ್ನು ಕೊಂಡಾಡಿ ಮನೆಗೆ ಬಂದು, ವೆಲ್ಡಿಂಗ್ ಕಲಿಯುವೆನೆಂದ ಮಗನಿಗೆ “ನಮ್ಮ ಮನೆತನದ ಮಾನ ಕಳೀಬೇಡ ಕಣಪ್ಪ” ಎನ್ನುವ ತಂದೆಯರನ್ನು ನಾವು ಬಲ್ಲೆವು. ಹೆಣ್ಣುಮಕ್ಕಳ ವಿಷಯದಲ್ಲಂತೂ ಹೊಲಿಗೆಯ ಆಚೆಗೆ ನಮ್ಮ ಕಲ್ಪನೆಯೇ ಹೋಗುವುದಿಲ್ಲ. ಕದಿರ ರೆಮ್ಮವ್ವೆ ರಾಟೆಯಿಂದ ಬದುಕಿದ ಶರಣೆ. ಆಕೆಯ ಕಾಲಕ್ಕೆ ರಾಟೆಯೂ ಒಂದು ಯಂತ್ರವೇ. ಇಂದಿನ ಹುಡುಗಿ ಮೊಬೈಲ್ ಫೋನನ್ನೋ ಮಿಕ್ಸಿಯ ಮೋಟಾರನ್ನೋ ಬಿಚ್ಚಿ ಜೋಡಿಸಿದರೆ ತಪ್ಪೇನು?

ಸರ್ಕಾರದ ಕಡೆಯಿಂದ ಬಾಗಿಲುಗಳು ಇಲ್ಲವೆನ್ನುವಂತಿಲ್ಲ. ರಾಜ್ಯದಲ್ಲಿ ಕಿರಿಯ ತಾಂತ್ರಿಕ ಶಾಲೆಗಳಿವೆ. ಅಲ್ಲಿ ಮಕ್ಕಳು ಇಂಜಿನಿಯರಿಂಗ್ ನಕ್ಷೆ, ವಿದ್ಯುತ್ ಮುಂತಾದ ವಿಷಯಗಳೊಡನೆ ಎಸ್.ಎಸ್.ಎಲ್.ಸಿ. ಬರೆಯುತ್ತಾರೆ. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೆಯ ತರಗತಿಯಿಂದ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನದಂತಹ ವೃತ್ತಿ ವಿಷಯಗಳು ಬಂದಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಊರಿನ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದು ಸೂಚಿಸಿತು. ಮೊಗೆ ಮಾಡುವವನನ್ನು ಒಂದು ಗಂಟೆ ನೋಡಿ, ಫೋಟೊ ತೆಗೆಸಿಕೊಂಡು ಬಂದರೆ ಹತ್ತು ದಿನ ಮುಗಿಯಿತೆನ್ನುವ ಅಪಾಯವೂ ಇದ್ದೇ ಇದೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂರುವ ನಮ್ಮವರು ಇದನ್ನು ಕೇಳಬೇಕು.

ಕಾನೂನಿನ ಮಿತಿಯನ್ನು ಪೋಷಕರು ಸ್ಪಷ್ಟವಾಗಿ ಅರಿತಿರಬೇಕು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಾದ ತಿದ್ದುಪಡಿಯ ಪ್ರಕಾರ 14 ವರ್ಷ ತುಂಬದ ಮಗುವನ್ನು ಕೆಲಸಕ್ಕಿಡುವಂತಿಲ್ಲ. 14ರಿಂದ 18ರವರೆಗೆ ಅಪಾಯಕಾರಿ ಕೆಲಸ ನಿಷಿದ್ಧ. 1961ರ ಶಿಶಿಕ್ಷು ಅಧಿನಿಯಮದಂತೆ ಅಪ್ರೆಂಟಿಸ್ ಆಗಲು ಕನಿಷ್ಠ 14 ವರ್ಷ ಆಗಿರಬೇಕು, ಅಪಾಯಕಾರಿ ಉದ್ಯಮಗಳಲ್ಲಾದರೆ 18. ಅಪ್ರಾಪ್ತರ ಪರವಾಗಿ ಪೋಷಕರು ಕರಾರಿಗೆ ಸಹಿ ಹಾಕುತ್ತಾರೆ, ಶಿಷ್ಯವೇತನವೂ ಉಂಟು. ಶಾಲಾ ಬಾಲಕನ ಪರಿಚಯ ಕಲಿಕೆ ಇದಕ್ಕಿಂತ ಹಿಂದಿನ ಹೆಜ್ಜೆ. ಮೇಸ್ತ್ರಿಗೆ ಅದರಿಂದ ಆದಾಯವಾಗಬಾರದು, ಹುಡುಗನಿಗೆ ಕೂಲಿಯ ಆಸೆ ಹತ್ತಬಾರದು. ಕೂಲಿಯ ರುಚಿ ಕಂಡು ಶಾಲೆ ಬಿಟ್ಟವರ ಸಂಖ್ಯೆ ನಮ್ಮ ಹಳ್ಳಿಗಳಲ್ಲಿ ಸಣ್ಣದಲ್ಲ. ವೆಲ್ಡಿಂಗ್ ಕಿಡಿ, ತಿರುಗುವ ಗರಗಸ, ವಿದ್ಯುತ್ ಹರಿಯುತ್ತಿರುವ ತಂತಿ ಇವುಗಳ ಹತ್ತಿರ ಮಗು ಸುಳಿಯಕೂಡದು. ಅಳೆಯುವುದು, ಗುರುತು ಹಾಕುವುದು, ಬಿಚ್ಚುವುದು, ಜೋಡಿಸುವುದು, ರಸಮಟ್ಟ ಇಟ್ಟು ನೋಡುವುದು ಇಷ್ಟರಲ್ಲೇ ಹತ್ತು ದಿನಕ್ಕೆ ಸಾಲುವಷ್ಟು ಕಲಿಕೆ ಇದೆ.

ಮೇಸ್ತ್ರಿಗಳೂ ಸುಲಭವಾಗಿ ಒಪ್ಪುವುದಿಲ್ಲ. “ಬೆರಳು ಕುಯ್ಕೊಂಡ್ರೆ ಯಾರು ಸ್ವಾಮಿ ಹೊಣೆ?” ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತಂದೆಯೋ ತಾಯಿಯೋ ಖುದ್ದಾಗಿ ಹೋಗಿ, ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂಬುದನ್ನು ಮಗುವಿನ ಎದುರಿಗೇ ಗೊತ್ತುಮಾಡಿಕೊಂಡು, ಮೊದಲ ದಿನ ಒಂದು ಗಂಟೆ ಜೊತೆಗೆ ಕುಳಿತು ಬರುವುದು ಒಳ್ಳೆಯದು.

ನಮ್ಮ ಪರಿಚಯದ ಮನೆಯೊಂದರ ಹುಡುಗ, ಒಂಬತ್ತನೆಯ ತರಗತಿಯ ಬೇಸಿಗೆ ರಜೆಯಲ್ಲಿ, ಹೀಗೆಯೇ ರಿವೈಂಡಿಂಗ್ ಅಂಗಡಿಗೆ ಹನ್ನೆರಡು ದಿನ ಹೋದ. ಹದಿಮೂರನೆಯ ದಿನ “ನನಗಿದು ಬೇಡಮ್ಮ, ಕೂತು ಎಣಿಸೋ ತಾಳ್ಮೆ ನನಗಿಲ್ಲ” ಎಂದ. ತಾಯಿಗೆ ಬೇಸರವಾಯಿತು, ಅಜ್ಜನಿಗೆ ನಗು ಬಂತು. ಈಗ ಅವನು ವಾಣಿಜ್ಯ ಓದುತ್ತಿದ್ದಾನೆ. ಕಳೆದ ಆಷಾಢದಲ್ಲಿ ಅವರ ತೋಟದ ಮೋಟಾರು ನಿಂತಾಗ, ಸುಟ್ಟಿರುವುದು ಸುರುಳಿಯಲ್ಲ, ಕೆಟ್ಟಿರುವುದು ಕೆಪಾಸಿಟರ್ ಮಾತ್ರ ಎಂದು ಮೊದಲು ಹೇಳಿದವನು ಅವನೇ.