ಹೂತಿಟ್ಟ ಮೇಲೆ ಕಾಯುವವರಾರು?

ಜರ್ಮನಿಯ ಲೋಯರ್ ಸ್ಯಾಕ್ಸನಿ ಪ್ರಾಂತ್ಯದಲ್ಲಿ, ವುಲ್ಫೆನ್‌ಬ್ಯೂಟೆಲ್ ಪಟ್ಟಣದ ಸಮೀಪ, ಆಸ್ಸೆ ಎಂಬ ಪುಟ್ಟ ಗುಡ್ಡಸಾಲಿದೆ. ಇಪ್ಪತ್ತನೆಯ ಶತಮಾನದ ಆರಂಭದಿಂದ 1964ರವರೆಗೆ ಅದರ ಒಡಲಿನಿಂದ ಪೊಟ್ಯಾಷನ್ನೂ ಕಲ್ಲುಪ್ಪನ್ನೂ ತೆಗೆದರು. ಗಣಿ ಬರಿದಾದ ಮೇಲೆ ಅಲ್ಲಿನ ಕೇಂದ್ರ ಸರ್ಕಾರ ಅದನ್ನು ಕೊಂಡುಕೊಂಡಿತು. 1967ರಿಂದ 1978ರವರೆಗೆ ಸುಮಾರು 1,26,000 ಪೀಪಾಯಿಗಳಲ್ಲಿ ಕೆಳ ಹಾಗೂ ಮಧ್ಯಮ ಮಟ್ಟದ ವಿಕಿರಣಶೀಲ ತ್ಯಾಜ್ಯವನ್ನು ಆ ಗಣಿಯೊಳಕ್ಕೆ ಇಳಿಸಲಾಯಿತು. ಕಾಗದದ ಮೇಲೆ ಅದಕ್ಕೆ ‘ಸಂಶೋಧನೆ’ ಎಂಬ ಹೆಸರಿತ್ತು. ವಾಸ್ತವದಲ್ಲಿ ದೇಶದ ಅಣುತ್ಯಾಜ್ಯದ ಉಗ್ರಾಣವೇ ಅದಾಯಿತು. ಮೊದಮೊದಲು ಒಪ್ಪವಾಗಿ ಜೋಡಿಸಿಟ್ಟ ಪೀಪಾಯಿಗಳನ್ನು ಬರುಬರುತ್ತಾ ಯಂತ್ರದಿಂದ ಇಳಿಜಾರಿಗೆ ಉರುಳಿಸಿ ಮೇಲೆ ಉಪ್ಪು ಸುರಿದರು.

ಉಪ್ಪಿನ ಗಣಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಕೋಟ್ಯಂತರ ವರ್ಷ ಉಪ್ಪು ಕರಗದೆ ಉಳಿದಿದೆಯೆಂದರೆ ಅಲ್ಲಿಗೆ ನೀರು ಬಂದಿಲ್ಲ ಎಂದೇ ಅರ್ಥ. ಜೊತೆಗೆ, ಒತ್ತಡಕ್ಕೆ ಸಿಕ್ಕ ಉಪ್ಪು ಮೆಲ್ಲಮೆಲ್ಲನೆ ಹರಿದು ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ತರ್ಕ ಸರಿಯಾಗಿಯೇ ಇತ್ತು. ಆದರೆ ಇದು ಮನುಷ್ಯರು ಅಗೆದು ಟೊಳ್ಳು ಮಾಡಿದ ಗಣಿ. ಒಂದು ಪಾರ್ಶ್ವದಲ್ಲಿ ಉಪ್ಪಿನ ಗೋಡೆ ತೀರಾ ತೆಳುವಾಗುವವರೆಗೂ ಕೊರೆದಿದ್ದರು. ಅದೇ ಗುಡ್ಡದ ಬೇರೆರಡು ಗಣಿಗಳು ಮೊದಲೇ ಜಲಸಮಾಧಿಯಾಗಿದ್ದವು. 1988ರಿಂದ ಈ ಗಣಿಯೊಳಕ್ಕೂ ನೀರು ಜಿನುಗತೊಡಗಿತು. ಅದರ ಪ್ರಮಾಣ ದಿನಕ್ಕೆ ಸುಮಾರು ಹನ್ನೆರಡು ಸಾವಿರ ಲೀಟರು, ಬೆಂಗಳೂರಿನ ಬಡಾವಣೆಗಳಿಗೆ ಬೇಸಿಗೆಯಲ್ಲಿ ಬರುವ ದೊಡ್ಡ ಟ್ಯಾಂಕರು ಒಂದರಷ್ಟು. ಅದನ್ನು ಹಿಡಿದು ಮೇಲಕ್ಕೆ ಸಾಗಿಸುವುದೇ ಒಂದು ನಿತ್ಯಕರ್ಮವಾಯಿತು. 2024ರಲ್ಲಿ ಆ ನೀರು ಇದ್ದಕ್ಕಿದ್ದಂತೆ ದಾರಿ ಬದಲಿಸಿತು. ಮೇಲಿನ ಹಂತದ ಮುಖ್ಯ ಸಂಗ್ರಹಸ್ಥಾನಕ್ಕೆ ಬರುವ ನೀರು ಕಡಿಮೆಯಾಗಿ, ಕೆಳಗಿನ ಹಂತದಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿತು.

ಭೂವಿಜ್ಞಾನದ ಲೆಕ್ಕ ತಪ್ಪಿದ್ದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಗಣಿಯೊಳಗಿನ ಉಪ್ಪುನೀರಿನಲ್ಲಿ ಸೀಸಿಯಂ-137 ಸೇರಿಕೊಂಡಿರುವುದು ಅಲ್ಲಿನ ನಿರ್ವಾಹಕರಿಗೆ ತಿಳಿದಿತ್ತು. ಜನರಿಗೆ ಅದು ತಿಳಿದದ್ದು 2008ರಲ್ಲಿ. ಅಳತೆ ನಡೆಯುತ್ತಿತ್ತು, ಅದರ ಫಲಿತಾಂಶ ಹೊರಗೆ ಬರುತ್ತಿರಲಿಲ್ಲ. ಅಳೆಯುವವನೂ ನಡೆಸುವವನೂ ಒಬ್ಬನೇ ಆಗಿದ್ದರೆ ಹೀಗಾಗುವುದು ಸಹಜ. ಮರುವರ್ಷ, ಅಂದರೆ 2009ರ ಆರಂಭದಲ್ಲಿ, ಗಣಿಯ ಹೊಣೆಯನ್ನು ಸಂಶೋಧನಾ ಸಂಸ್ಥೆಯಿಂದ ಕಿತ್ತು ವಿಕಿರಣ ರಕ್ಷಣೆಯ ಕೇಂದ್ರೀಯ ಕಚೇರಿಗೆ ಒಪ್ಪಿಸಿದರು. ಅದೇ ವರ್ಷ ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ, ಒಳಗಿರುವ ಪ್ಲುಟೋನಿಯಂ 9.6 ಕೆ.ಜಿ. ಅಲ್ಲ, 28 ಕೆ.ಜಿ. ಎಂದು ತಿಳಿದುಬಂತು.

ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳನ್ನು ಕಳೆದ ನನಗೆ ಇದು ಅಚ್ಚರಿಯ ವಿಷಯವಲ್ಲ. ನಮ್ಮ ಕಚೇರಿಗಳಲ್ಲಿ ‘ಎ’ ವರ್ಗದ ಕಡತವೆಂದರೆ ಶಾಶ್ವತವಾಗಿ ಕಾಪಾಡತಕ್ಕದ್ದು. ಆ ಶಾಶ್ವತತೆಯ ಆಯುಸ್ಸು ಎಷ್ಟೆಂಬುದು ಯಾವುದೇ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಹೋಗಿ ಹಳೆಯ ಪಹಣಿ ಹುಡುಕಿದವರಿಗೆ ಗೊತ್ತು. ಗೆದ್ದಲು, ಸೋರುವ ಚಾವಣಿ, ವರ್ಗಾವಣೆಯಾದ ಗುಮಾಸ್ತ, ಇವು ಮೂರೇ ಸಾಕು. ಶಿಸ್ತಿಗೆ ಹೆಸರಾದ ಜರ್ಮನಿಯಲ್ಲಿ ಮೂವತ್ತೇ ವರ್ಷಗಳಲ್ಲಿ ಲೆಕ್ಕ ಮೂರು ಪಟ್ಟು ಏರುಪೇರಾಗಬಹುದಾದರೆ, 24,000 ವರ್ಷಗಳ ಅರ್ಧಾಯುಷ್ಯವುಳ್ಳ ಪ್ಲುಟೋನಿಯಂ-239ರ ದಾಖಲೆಯನ್ನು ಯಾವ ಕಪಾಟಿನಲ್ಲಿ ಇಡೋಣ?

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕಾರ್ಲ್ಸ್‌ಬ್ಯಾಡ್ ಬಳಿಯ ಭಂಡಾರದ ಕಥೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಹಳೆಯ ಗಣಿಯನ್ನು ಬಳಸಲಿಲ್ಲ. ಸುಮಾರು 655 ಮೀಟರ್ ಆಳದ ಉಪ್ಪಿನ ಪದರದಲ್ಲಿ ಹೊಸದಾಗಿಯೇ ಕೊಠಡಿಗಳನ್ನು ಕೊರೆದು, ಅಣ್ವಸ್ತ್ರ ತಯಾರಿಕೆಯ ತ್ಯಾಜ್ಯವನ್ನು 1999ರ ಮಾರ್ಚಿನಿಂದ ಇಳಿಸತೊಡಗಿದರು. ಹತ್ತು ಸಾವಿರ ವರ್ಷಗಳ ಸುರಕ್ಷತೆಯನ್ನು ಲೆಕ್ಕಹಾಕಿ ತೋರಿಸಿದ ಮೇಲೆಯೇ ಅದಕ್ಕೆ ಅನುಮತಿ ದೊರೆತದ್ದು. ಹದಿನೈದನೆಯ ವರ್ಷದಲ್ಲಿ, 2014ರ ಫೆಬ್ರುವರಿ 14ರ ರಾತ್ರಿ, ಒಂದು ಪೀಪಾಯಿ ಒಳಗಿನ ಕಾವಿಗೆ ಬಿರಿಯಿತು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ತ್ಯಾಜ್ಯದ ತೇವ ಹೀರಲು, ಬೆಕ್ಕು ಸಾಕುವವರು ಅದರ ಮಲಮೂತ್ರಕ್ಕೆಂದು ತಟ್ಟೆಗೆ ಹಾಕಿಡುವ ಪುಡಿಯನ್ನು ಬಳಸುತ್ತಿದ್ದರು. ಜೇಡಿಮಣ್ಣಿನಂತಹ ಖನಿಜದ ಪುಡಿಯಾಗಿರಬೇಕಿದ್ದದ್ದು ಗೋಧಿಯಿಂದ ಮಾಡಿದ ಪುಡಿಯಾಯಿತು. ಅದು ತ್ಯಾಜ್ಯದಲ್ಲಿದ್ದ ನೈಟ್ರೇಟ್ ಲವಣಗಳೊಂದಿಗೆ ಸೇರಿ ಕಾವೇರಿತು. ಕಾರ್ಯವಿಧಾನದ ಟಿಪ್ಪಣಿಯಲ್ಲಿ ನುಸುಳಿದ ಒಂದು ಪದ, ಹತ್ತು ಸಾವಿರ ವರ್ಷಗಳ ಭೂವಿಜ್ಞಾನವನ್ನು ಹದಿನೈದೇ ವರ್ಷಗಳಲ್ಲಿ ಸೋಲಿಸಿತು.

ಆದರೂ ಆ ರಾತ್ರಿ ದೊಡ್ಡ ಅನಾಹುತವಾಗಲಿಲ್ಲ. ಸುರಂಗದ ಗಾಳಿಯನ್ನು ಸತತವಾಗಿ ಅಳೆಯುತ್ತಿದ್ದ ಉಪಕರಣ ಎಚ್ಚರಿಕೆ ಕೊಟ್ಟಿತು. ಗಾಳಿಯ ಹರಿವು ತಾನಾಗಿಯೇ ಶೋಧಕಗಳ ದಾರಿಗೆ ತಿರುಗಿತು. ಆಗ ಸುರಂಗದೊಳಗೆ ಯಾರೂ ಇರಲಿಲ್ಲ. ಶೋಧಕಗಳನ್ನು ತಪ್ಪಿಸಿಕೊಂಡ ಅತ್ಯಲ್ಪ ಅಂಶ ಹೊರಬಂತು. ಮೇಲಿದ್ದ ಇಪ್ಪತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದರ ಸುಳಿವು ಸಿಕ್ಕಿತು. ಭಂಡಾರ ಸುಮಾರು ಮೂರು ವರ್ಷ ಮುಚ್ಚಿ, 2017ರಲ್ಲಿ ಮತ್ತೆ ಕೆಲಸ ಆರಂಭಿಸಿತು.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಬಹುಮುಖ್ಯ ಪಾತ್ರಧಾರಿ ಆ ಉಪಕರಣವಲ್ಲ, ನ್ಯೂ ಮೆಕ್ಸಿಕೊ ರಾಜ್ಯ ವಿಶ್ವವಿದ್ಯಾಲಯದ ಪರಿಸರ ನಿಗಾ ಕೇಂದ್ರ. ಭಂಡಾರಕ್ಕೆ ಮೊದಲ ಪೀಪಾಯಿ ಬರುವ ಹಲವು ವರ್ಷ ಮುಂಚೆಯೇ ಅದು ಸುತ್ತಲಿನ ಗಾಳಿ, ಮಣ್ಣು, ನೀರುಗಳಲ್ಲಿ ಎಷ್ಟು ವಿಕಿರಣವಿದೆ ಎಂದು ಅಳೆದಿಟ್ಟಿತ್ತು. ಊರಿನ ಜನರನ್ನೂ ಉಚಿತವಾಗಿ ಪರೀಕ್ಷಿಸಿ, ದೇಹದಲ್ಲಿ ಮೊದಲೇ ಇರುವ ಪ್ರಮಾಣವನ್ನು ದಾಖಲಿಸಿತ್ತು. ಇದನ್ನು ಮೂಲಮಾಪನ ಎನ್ನಬಹುದು. ಮೊದಲು ಎಷ್ಟಿತ್ತೆಂದು ಗೊತ್ತಿಲ್ಲದಿದ್ದರೆ ಆಮೇಲೆ ಹೆಚ್ಚಾಯಿತೇ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. 2014ರಲ್ಲಿ, ಅವಘಡ ನಡೆದ ಐದು ದಿನಗಳಲ್ಲೇ, ಸುಮಾರು ಒಂದು ಕಿಲೋಮೀಟರ್ ದೂರದ ತನ್ನ ಗಾಳಿಸೋಸಕದಲ್ಲಿ ಪ್ಲುಟೋನಿಯಂ ಮತ್ತು ಅಮೆರಿಸಿಯಂ ಕಣಗಳು ಸಿಕ್ಕಿವೆಯೆಂದು ಆ ಕೇಂದ್ರ ಬಹಿರಂಗವಾಗಿ ಹೇಳಿತು. ಪ್ರಮಾಣ ಅಪಾಯಕರವಲ್ಲ ಎಂಬುದನ್ನೂ ಅದೇ ಹೇಳಿತು. ಎರಡನೆಯ ಮಾತನ್ನು ಜನ ನಂಬುವಂತಾದದ್ದು ಮೊದಲನೆಯದನ್ನು ಅದು ಮುಚ್ಚಿಡದಿದ್ದುದರಿಂದ.

ಇಲ್ಲೊಂದು ತಾಂತ್ರಿಕ ಇಕ್ಕಟ್ಟನ್ನು ಹೇಳಲೇಬೇಕು. ಫಿನ್ಲೆಂಡಿನ ಓಲ್ಕಿಲುಓಟೊದಲ್ಲಿ, ಸುಮಾರು 190 ಕೋಟಿ ವರ್ಷ ಹಳೆಯ ಬಂಡೆಯಲ್ಲಿ, 400 ಮೀಟರಿಗೂ ಹೆಚ್ಚಿನ ಆಳಕ್ಕೆ ‘ಓಂಕಲೊ’ ಎಂಬ ಭಂಡಾರವನ್ನು 2004ರಿಂದ ಕೊರೆದಿದ್ದಾರೆ. ಬಳಸಿ ಮುಗಿದ ಇಂಧನವನ್ನು ತಾಮ್ರದ ಕೋಶಗಳಲ್ಲಿ ತುಂಬಿ, ಸುತ್ತ ಬೆಂಟೊನೈಟ್ ಎಂಬ ಊದಿಕೊಳ್ಳುವ ಜೇಡಿಮಣ್ಣನ್ನು ಗಿಡಿದು, ಸುರಂಗವನ್ನು ಶಾಶ್ವತವಾಗಿ ಮುಚ್ಚುವುದು ಅಲ್ಲಿನ ಯೋಜನೆ. 2024ರಲ್ಲಿ ಅದರ ಪರೀಕ್ಷಾರ್ಥ ಕಾರ್ಯಾಚರಣೆ ಆರಂಭವಾಯಿತು. ಮುಚ್ಚಿದ ಮೇಲೆ ಒಳಗೇನಾಗುತ್ತಿದೆ ಎಂದು ತಿಳಿಯಲು ಸಂವೇದಕಗಳನ್ನು ಇಡೋಣವೆಂದರೆ, ಅದರಿಂದ ಹೊರಬರುವ ತಂತಿಯೇ ನೀರಿಗೆ ದಾರಿಯಾಗಬಹುದು. ತಂತಿ ಬೇಡವೆಂದರೆ ಬಂಡೆಯ ಮೂಲಕ ಸಂಕೇತ ಕಳಿಸಬೇಕು. ಬ್ಯಾಟರಿ ಎಷ್ಟು ದಿನ ಬಂದೀತು? ಆದ್ದರಿಂದ ಯಾರೂ ಕಾಯದಿದ್ದರೂ ಸುರಕ್ಷಿತವಾಗಿರುವಂತೆ ಭಂಡಾರವನ್ನು ಕಟ್ಟಬೇಕೆಂಬುದು ಇಂದಿನ ಒಪ್ಪಿತ ಸೂತ್ರ. ಅಮೆರಿಕದ ನಿಯಮವಂತೂ, ಸುರಕ್ಷತೆಯ ಲೆಕ್ಕದಲ್ಲಿ ಮನುಷ್ಯರ ಕಾವಲನ್ನು ಮುಚ್ಚಿದ ನಂತರದ ನೂರು ವರ್ಷಗಳಾಚೆಗೆ ಪರಿಗಣಿಸಕೂಡದು ಎನ್ನುತ್ತದೆ. ಹಾಗಾಗಿ ಉಳಿಯುವ ಮಾರ್ಗ ಹೊರಗಿನಿಂದ ಅಳೆಯುವುದು: ಸುತ್ತಲಿನ ಕೊಳವೆಬಾವಿಗಳಲ್ಲಿ ಅಂತರ್ಜಲದ ಮಟ್ಟ ಮತ್ತು ರಾಸಾಯನಿಕ ಗುಣ, ಬಂಡೆಯ ಸೂಕ್ಷ್ಮ ಕಂಪನ. ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್ ಸುರಂಗದಲ್ಲಿ ತ್ಯಾಜ್ಯದ ಬದಲು ವಿದ್ಯುತ್ ಹೀಟರುಗಳನ್ನಿಟ್ಟು 1997ರಿಂದ ಹದಿನೆಂಟು ವರ್ಷ ಕಾಯಿಸಿ, ಕೊನೆಗೆ ಬಿಚ್ಚಿ, ಜೇಡಿಮಣ್ಣಿಗೆ ಏನಾಗಿದೆ ಎಂದು ಕಣ್ಣಾರೆ ನೋಡಿದರು. ಇಂತಹ ತಾಳ್ಮೆ ಶ್ಲಾಘನೀಯ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಮತ್ತೊಂದು ಲೆಕ್ಕ. ಯೋಜನೆಗಳ ಲಾಭನಷ್ಟ ತೂಗುವಾಗ ಮುಂದೆ ಬರುವ ಖರ್ಚನ್ನು ಬಡ್ಡಿಯ ದರದಲ್ಲಿ ಇಳಿಸಿ ಇಂದಿನ ಬೆಲೆಗೆ ತರುತ್ತೇವೆ. ಶೇ 5ರ ದರ ಹಿಡಿದರೆ, ಐನೂರು ವರ್ಷಗಳ ನಂತರ ಆಗಬಹುದಾದ ಒಂದು ಲಕ್ಷ ಕೋಟಿ ರೂಪಾಯಿಯ ನಷ್ಟ ಇಂದಿನ ಲೆಕ್ಕದಲ್ಲಿ ಸುಮಾರು ಇಪ್ಪತ್ತೈದು ರೂಪಾಯಿ! ಹೋಟೆಲಿನ ಒಂದು ಕಾಫಿಯ ಬೆಲೆ. ಈ ವಿಧಾನ ಸೇತುವೆಗೆ, ಅಣೆಕಟ್ಟೆಗೆ ಸರಿ, ಇಲ್ಲಿಗೆ ಸಲ್ಲದು. ಸ್ವೀಡನ್ ಮತ್ತು ಫಿನ್ಲೆಂಡ್‌ಗಳು ವಿದ್ಯುತ್ ಉತ್ಪಾದಕರಿಂದಲೇ ವಿಲೇವಾರಿಯ ಹಣ ವಸೂಲಿ ಮಾಡಿ ಪ್ರತ್ಯೇಕ ನಿಧಿಯಲ್ಲಿಟ್ಟಿವೆ. ಆಸ್ಸೆಯಲ್ಲಿ ಹಾಗಾಗಲಿಲ್ಲ. ಪೀಪಾಯಿಗಳನ್ನು ಹೊರತೆಗೆಯಬೇಕೆಂದು 2013ರಲ್ಲಿ ಕಾನೂನಾಯಿತು, 2033ರಲ್ಲಿ ಆರಂಭಿಸುವ ಯೋಜನೆ ಹಾಕಿದರು, ಖರ್ಚು ತೆರಿಗೆದಾರರದು.

ನಮ್ಮ ದೇಶದಲ್ಲಿ ಬಳಸಿದ ಇಂಧನವನ್ನು ಸಂಸ್ಕರಿಸಿ, ಉಳಿಯುವ ಉಗ್ರ ತ್ಯಾಜ್ಯವನ್ನು ಗಾಜಿನೊಂದಿಗೆ ಕರಗಿಸಿ ಗಟ್ಟಿ ಮಾಡುತ್ತಾರೆ. ಹಾಗೆ ಗಟ್ಟಿಯಾದದ್ದನ್ನು ದಶಕಗಳ ಕಾಲ ತಂಪಾಗಲು ಇಡುತ್ತಾರೆ. ತಾರಾಪುರದಲ್ಲಿ ಅದಕ್ಕಾಗಿ ಕಣ್ಗಾವಲಿನ ಉಗ್ರಾಣವಿದೆ. ಇದರಿಂದ ತ್ಯಾಜ್ಯದ ಗಾತ್ರ ತಗ್ಗುತ್ತದೆ, ಆದ್ದರಿಂದ ಭೂಗರ್ಭ ಭಂಡಾರದ ಅವಸರವಿಲ್ಲ ಎಂಬುದು ಅಣುಶಕ್ತಿ ಇಲಾಖೆಯ ನಿಲುವು. ನಿಲುವು ಅಸಮಂಜಸವೇನಲ್ಲ. ಆದರೆ ಅವಸರವಿಲ್ಲದ ಕಾಲವೇ ಮೂಲಮಾಪನಕ್ಕೆ ಸಕಾಲ.

ಕನ್ನಡಿಗರಿಗೆ ಈ ವಿಷಯದ ನಂಟು ಹಳೆಯದು. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವು ಕೋಲಾರ ಚಿನ್ನದ ಗಣಿಯ ಕೈಬಿಟ್ಟ ಭಾಗವೊಂದರಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ, ಕಾವಿಗೆ ಬಂಡೆ ಹೇಗೆ ವರ್ತಿಸುತ್ತದೆ ಎಂಬುದರ ಪ್ರಯೋಗ ನಡೆಸಿತ್ತು. ತ್ಯಾಜ್ಯವನ್ನೇನೂ ಅಲ್ಲಿ ಇಡಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಮೊಕದ್ದಮೆಯ ಸಂದರ್ಭದಲ್ಲಿ, ಅಣುತ್ಯಾಜ್ಯಕ್ಕೆ ಕೋಲಾರದ ಗಣಿಯ ಹೆಸರು ಸುಪ್ರೀಂ ಕೋರ್ಟಿನ ಮುಂದೆ ಕೇಳಿಬಂದಾಗ ಜಿಲ್ಲೆಗೆ ಜಿಲ್ಲೆಯೇ ಬೀದಿಗಿಳಿಯಿತು. ಅಂತಹ ಯೋಜನೆ ಇಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟೀಕರಣ ಕೊಡಬೇಕಾಯಿತು. ಶತಮಾನಕ್ಕೂ ಹೆಚ್ಚು ಕಾಲ ಕೊರೆದ, ಬಂಡೆಸಿಡಿತಗಳಿಗೆ ಕುಖ್ಯಾತವಾದ, ಪಂಪುಗಳು ನಿಂತ ಮೇಲೆ ನೀರು ತುಂಬಿದ ಗಣಿ ಈ ಕೆಲಸಕ್ಕೆ ಒಗ್ಗದೆಂದು ಹೇಳಲು ಆಸ್ಸೆಯ ಉದಾಹರಣೆಯೊಂದೇ ಸಾಕಿತ್ತು. ಆ ಮಾತನ್ನು ತಜ್ಞರು ಜನರಿಗೆ ಮೊದಲೇ, ಅವರ ಭಾಷೆಯಲ್ಲೇ, ಹೇಳಿದ್ದರೆ ಬಂದ್ ಮಾಡುವ ಪ್ರಮೇಯ ಬರುತ್ತಿರಲಿಲ್ಲ.

ಕೈಗಾದಲ್ಲಿ ಕೆಳಮಟ್ಟದ ಘನತ್ಯಾಜ್ಯವನ್ನು ಸ್ಥಾವರದ ಆವರಣದೊಳಗೇ ಕಾಂಕ್ರೀಟ್ ಕಂದಕಗಳಲ್ಲಿ ಇಡುತ್ತಾರೆ. ಸುತ್ತಲಿನ ನೀರು, ಮಣ್ಣು, ಆಹಾರಗಳನ್ನು ಭಾಭಾ ಕೇಂದ್ರದ ಪರಿಸರ ಪ್ರಯೋಗಾಲಯ ಪರೀಕ್ಷಿಸುತ್ತದೆ. ಅದರ ವಿಜ್ಞಾನಿಗಳ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಸ್ಥಾವರ ನಡೆಸುವ ನಿಗಮವೂ ಅಳೆಯುವ ಕೇಂದ್ರವೂ ಒಂದೇ ಇಲಾಖೆಯ ಛತ್ರದಡಿ ಇವೆ. ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವಾಯತ್ತತೆ ಸಾಲದೆಂದು ಮಹಾಲೇಖಪಾಲರು 2012ರ ವರದಿಯಲ್ಲಿ ಬೊಟ್ಟು ಮಾಡಿದ್ದರು. ಮಂಡಳಿಗೆ ಶಾಸನಬದ್ಧ ಸ್ಥಾನ ನೀಡುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2025ರ ಡಿಸೆಂಬರಿನಲ್ಲಿ. ಅದೇ ಕಾಯ್ದೆ ಖಾಸಗಿ ಕಂಪನಿಗಳಿಗೂ ಅಣುವಿದ್ಯುತ್ತಿನ ಬಾಗಿಲು ತೆರೆದಿರುವುದರಿಂದ ಈ ಪ್ರಶ್ನೆ ಇನ್ನಷ್ಟು ತುರ್ತಿನದಾಗಿದೆ. ಕಾರವಾರದ ಕಾಲೇಜೊಂದಕ್ಕೋ ಧಾರವಾಡದ ವಿಶ್ವವಿದ್ಯಾಲಯಕ್ಕೋ ಉಪಕರಣ ಮತ್ತು ಅನುದಾನ ಕೊಟ್ಟು, ಕಾಳಿ ನದಿಯ ನೀರನ್ನೂ ಆಸುಪಾಸಿನ ಬಾವಿಗಳನ್ನೂ ಪ್ರತ್ಯೇಕವಾಗಿ ಅಳೆದು, ಮೂರು ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಅಂಟಿಸಲು ಹೇಳಿದರೆ ಆಗುವ ಖರ್ಚು ರಿಯಾಕ್ಟರಿನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸರ್ಕಾರಿ ಆದೇಶ ಸಾಕು.